ಹೊತ್ತಿಗೊಂದು ತುತ್ತು

ನಮ್ಮ ಹೊಂಡದ ಮೀನುಗಳಿಗೆ ಹೊಟ್ಟೆ ಇಲ್ಲ ಎಂದು ನಾನು ಮೊದಲ ಸಲ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

'ಹೊಟ್ಟಿ ಇಲ್ದನ ಅಷ್ಟಷ್ಟು ತಿಂತಾವೇನು? ನಿನಗ ಓದಿದ್ದು ಹೆಚ್ಚಾಗೇತಿ ತಮ್ಮಾ' ಅಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ನಾನು ಓದಿದ್ದು ಹೆಚ್ಚಾಗಿರಲಿಲ್ಲ, ತಡವಾಗಿತ್ತು. ಅಷ್ಟರಲ್ಲಿ ಹೊಂಡದಲ್ಲಿ 63 ಮೀನು ಸತ್ತಿದ್ದವು.

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೆದ್ದಾರಿಯಲ್ಲಿ ಹೋದವರಿಗೆ ಗೊಟಗೋಡಿ ಗೊತ್ತಿರುತ್ತದೆ. ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದೂ ಇಲ್ಲೇ. ಶಾಲೆಯ ಮಕ್ಕಳು ಬಸ್ಸಿನಿಂದಿಳಿದು ಅಲ್ಲಿನ ಸಿಮೆಂಟಿನ ಎತ್ತುಗಳ ಬೆನ್ನು ಸವರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಎತ್ತುಗಳಿಗೆ ಮೇವು ಬೇಕಿಲ್ಲ, ನೀರು ಬೇಕಿಲ್ಲ, ಹೊಟ್ಟೆ ಉಬ್ಬರದ ಭಯವಿಲ್ಲ. ಊರೊಳಗಿನ ನಮ್ಮ ಹೊಲಗಳಲ್ಲಿ ಮಾತ್ರ ಜೀವ ಇರುವ ಎಲ್ಲಕ್ಕೂ ಹೊತ್ತು ಹೊತ್ತಿಗೆ ಏನಾದರೂ ಹಾಕಬೇಕು.

ನಮ್ಮ ಹೊಲದ ಮೂಲೆಯ ಹೊಂಡವನ್ನು ಅಪ್ಪ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸಿದ್ದ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ತಳಕ್ಕೆ ಕರಿ ಪ್ಲಾಸ್ಟಿಕ್ ಹಾಳೆ. ಗೋವಿನಜೋಳಕ್ಕೆ, ಮೆಣಸಿನ ಗಿಡಕ್ಕೆ ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಡಲಿಕ್ಕೆಂದು ಮಾಡಿಸಿದ್ದು. ಅಪ್ಪ ತೀರಿಕೊಂಡ ಮರುವರ್ಷ, ಹೊಂಡ ತುಂಬಿ ಕೋಡಿ ಹರಿದಿದ್ದನ್ನು ನೋಡಿ ನಾನೇ ಮೀನು ಬಿಡುವ ವಿಚಾರ ಮಾಡಿದೆ. ನಾವು ಮೀನು ತಿನ್ನುವ ಮಂದಿಯಲ್ಲ. 'ತಿನ್ನದಿದ್ರ ಸಾಕಾಕ ಏನಡ್ಡಿ, ಮಾರಿದ್ರಾತು' ಎಂದು ಬಾಜೂ ಹೊಲದ ಕಾಕಾ ಧೈರ್ಯ ಹೇಳಿದ. ಆಗಸ್ಟಿನಲ್ಲಿ 400 ಮರಿ ತಂದು ಬಿಟ್ಟೆ: ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಸಂಜೆ ಅವಳು ಹೊಂಡದ ದಂಡೆಗೆ ಬಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಟಕ ರೊಟ್ಟಿಯ ಪುಡಿಯನ್ನು ನೀರಿಗೆ ಉದುರಿಸಿದಳು. ಮೀನಿನ ಮರಿ ಗುಂಪುಗೂಡಿ ಬಂದವು. ಅವಳ ಮುಖದಲ್ಲಿ ನಗು ಮೂಡಿದ್ದು ನನಗೆ ಇನ್ನೂ ನೆನಪಿದೆ, ಯಾಕೆಂದರೆ ಅದನ್ನು ನೋಡಿ ಬಹಳ ದಿನವಾಗಿತ್ತು.

ಮನೆಯಲ್ಲಿ ಉಣ್ಣುವವನು ನಾನೊಬ್ಬನೇ ಉಳಿದಿದ್ದೆ. ಎಮ್ಮೆಯನ್ನು ಅಪ್ಪನ ದವಾಖಾನೆ ಖರ್ಚಿಗೆ ಮಾರಿದ್ದೆವು. ಮೂವತ್ತೈದು ವರ್ಷ ಮಂದಿಗೆ, ದನಕ್ಕೆ ಹಾಕಿ ಹಾಕಿ ರೂಢಿಯಾದ ಕೈಗಳು ಸುಮ್ಮನೆ ಕೂತಿದ್ದವು. ಈಗ ಆ ಕೈಗೆ 400 ಬಾಯಿ ಸಿಕ್ಕವು. ಬೆಳಿಗ್ಗೆ ಹೊಲಕ್ಕೆ ಬಂದಾಗ ಒಮ್ಮೆ, ಬುತ್ತಿ ತಂದಾಗ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ, ನಡುವೆ ಕಸ ತೆಗೆಯುವಾಗ ದಾಹವಾಗಿ ಹೊಂಡದ ಕಡೆ ಹೋದರೆ ಮತ್ತೊಮ್ಮೆ. ತಾಟು ಬಡಿದರೆ ಸಾಕು, ಮೀನು ಬಾಯಿ ತೆರೆದುಕೊಂಡು ಮೇಲೆ ಬರುತ್ತಿದ್ದವು. 'ನೋಡು, ಹಸದಾವು ಪಾಪ' ಎನ್ನುತ್ತಿದ್ದಳು. ಬಾಯಿ ತೆರೆದವರನ್ನೆಲ್ಲ ಹಸಿದವರೆಂದು ನಂಬುವುದು ಅವಳ ಜಾಯಮಾನ.

ನಾನೂ ಸುಮ್ಮನೆ ಕೂತಿರಲಿಲ್ಲ. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿ ಸಮಸಮ ಬೆರೆಸಿ ಹಾಕುವುದು ಎಲ್ಲರೂ ಮಾಡುವ ಪದ್ಧತಿ. ಅದರಲ್ಲಿ ಪ್ರೋಟೀನ್ ಸಾಲದು ಎಂದು ನಾನೇ ಲೆಕ್ಕ ಹಾಕಿದೆ. ಹೊಲದಲ್ಲಿ ಬೆಳೆದ ಸೋಯಾಬೀನ್ ಮನೆಯಲ್ಲೇ ಇತ್ತು. ಸೋಯಾದಲ್ಲಿ ನೂರಕ್ಕೆ ಸುಮಾರು 40 ಪಾಲು ಪ್ರೋಟೀನ್. ಒಂದು ಚೀಲವನ್ನು ಗಿರಣಿಗೆ ಒಯ್ದು ಹಿಟ್ಟು ಮಾಡಿಸಿ ತೌಡಿಗೆ ಬೆರೆಸಿದೆ. ಮೀನು ಎಷ್ಟು ತೂಗಿದವು, ಎಷ್ಟು ಹಾಕಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ವಾರಕ್ಕೆ ಮೂರು ದಿನ ಪದವಿ ತರಗತಿಗೆ ಪಾಠ ಹೇಳುವವನಿಗೆ ಲೆಕ್ಕ ಬರೆದಿಟ್ಟರೆ ಅದೇ ವಿಜ್ಞಾನ ಎನ್ನುವ ಭ್ರಮೆ ಇರುತ್ತದೆ.

ಡಿಸೆಂಬರಿನ ಮೊದಲ ವಾರ ಕೆಲವು ಮೀನುಗಳ ಹಿಂದೆ ಬಿಳಿ ದಾರದಂಥ ಮಲ ಜೋತಾಡುವುದು ಕಂಡಿತು. ಕೆಲವು ಗುಂಪು ಬಿಟ್ಟು ಮೂಲೆಯಲ್ಲಿ ನಿಲ್ಲುತ್ತಿದ್ದವು. ತಾಟು ಬಡಿದರೂ ಅರ್ಧ ಮೀನು ಬರುತ್ತಿರಲಿಲ್ಲ. ಬಾರದಿದ್ದಕ್ಕೆ ಅವ್ವ ಇನ್ನಷ್ಟು ಹಾಕಿದಳು. ಅಷ್ಟರಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ನಮ್ಮಲ್ಲೂ ಮೂರು ದಿನ ಮೋಡ ಕವಿಯಿತು. ನಾಲ್ಕನೆಯ ದಿನ ನಸುಕಿನಲ್ಲಿ ಹೋಗಿ ನೋಡಿದರೆ ಮೀನುಗಳೆಲ್ಲ ನೀರಿನ ಮೇಲೆ ಬಾಯಿ ಬಡಿಯುತ್ತಿದ್ದವು. ಹಸಿವಿಗಲ್ಲ, ಉಸಿರಿಗೆ. ಬೆಳಕಾಗುವಷ್ಟರಲ್ಲಿ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು.

ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿದೆ. ಒಬ್ಬ ಯುವಕ ಬಂದರು. ಆಗಷ್ಟೇ ಸತ್ತ ಒಂದು ರೋಹುವನ್ನು ದಂಡೆಯ ಕಲ್ಲಿನ ಮೇಲಿಟ್ಟು ಸೀಳಿದರು. ಮೀನನ್ನು ಅಷ್ಟು ಹತ್ತಿರದಿಂದ, ಅದರ ಒಳಗನ್ನು, ನಾನು ನೋಡಿದ್ದು ಅದೇ ಮೊದಲು. ಸುರುಳಿ ಸುತ್ತಿದ ಕರುಳು, ಬಿಡಿಸಿದಷ್ಟೂ ಬರುತ್ತಿತ್ತು. ಕೆಲವು ಕಡೆ ಕೆಂಪೇರಿ ಉಬ್ಬಿತ್ತು. ಒಳಗೆ ಹಳದಿ ಲೋಳೆ, ಅದರೊಳಗೆ ಹಾಕಿದ್ದು ಹಾಕಿದ ಹಾಗೇ ಉಳಿದ ತೌಡು.

'ಎಷ್ಟ್ ಹಾಕ್ತಿದ್ರಿ?' ಎಂದು ಕೇಳಿದರು.

ದೂರದಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದ ಅವ್ವ ನನಗಿಂತ ಮೊದಲು ಬಾಯಿಬಿಟ್ಟಳು. 'ನಾನ ಹಾಕೀನ್ರೀ ಯಪ್ಪಾ. ಬಂದಾಗೆಲ್ಲಾ ಹಾಕೀನಿ. ಉಣ್ಣಿಸಿ ಕೊಂದೆ ನೋಡ್ರಿ.'

ನಾನು ಸೋಯಾದ ಮಾತೆತ್ತಲಿಲ್ಲ. ಆ ಹೊತ್ತಿಗೆ ಅದು ತಪ್ಪೆಂದು ನನಗೆ ಖಚಿತವಾಗಿ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ನುಂಗಿದೆ.

ಅವರು ಒಂದೇ ಕಾರಣ ಹೇಳಲಿಲ್ಲ. ಕರುಳು ಕೆಟ್ಟಿದೆ, ಹೆಚ್ಚಾದ ಆಹಾರ ನೀರಿನಲ್ಲಿ ಕೊಳೆತಿದೆ, ಕೊಳೆಯುವಾಗ ಆಮ್ಲಜನಕ ತಿಂದಿದೆ, ಮೋಡದಿಂದ ಪಾಚಿಯೂ ಆಮ್ಲಜನಕ ಕೊಟ್ಟಿಲ್ಲ. ನೀರಿನಲ್ಲಿ, ಮೀನಿನ ಕರುಳಿನಲ್ಲಿ ಸುಮ್ಮನೆ ಇರುವ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮೀನು ಸೋತ ದಿನ ನೋಡಿ ಏರಿ ಬರುತ್ತವೆ ಎಂದರು. ನಾಲ್ಕು ದಿನ ಏನೂ ಹಾಕಬೇಡಿ, ಮೂರನೆಯ ಒಂದು ಪಾಲು ನೀರು ತೆಗೆದು ಹೊಸ ನೀರು ಬಿಡಿ ಎಂದು ಹೇಳಿ ಹೋದರು.

ಆ ರಾತ್ರಿಯಿಂದ ನಾನು ನಿಜವಾಗಿ ಓದಲು ಕೂತೆ.

ಗೆಂಡೆ ಜಾತಿಯ ಮೀನುಗಳಿಗೆ ಜಠರ ಇರುವುದಿಲ್ಲ. ಗಂಟಲಿನ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ನಮ್ಮ ಜಠರವೆಂದರೆ ಒಂದು ಹಗೇವು ಇದ್ದ ಹಾಗೆ. ಒಮ್ಮೆ ತುಂಬಿಟ್ಟುಕೊಂಡು ಬೇಕಾದಷ್ಟೇ ತೆಗೆದು ಕರುಳಿಗೆ ಕೊಡುತ್ತದೆ. ಗೆಂಡೆಯದು ದಿನಗೂಲಿಯ ಸಂಸಾರ. ಕೂಡಿಡಲು ಜಾಗವಿಲ್ಲ, ಬಂದದ್ದು ಬಂದ ಹಾಗೇ ಒಲೆಗೆ. ಒಮ್ಮೆಲೇ ಹೆಚ್ಚು ಬಂದರೆ ಹಿಂದಿನದನ್ನು ಅರ್ಧಕ್ಕೇ ಮುಂದೆ ತಳ್ಳುತ್ತದೆ. ಅವ್ವನ ತಾಟಿನ ಸದ್ದಿಗೆ ಬಾಯಿ ತೆರೆದು ಬಂದ ಮೀನು ತಿಂದದ್ದು ನಿಜ, ದಕ್ಕಿಸಿಕೊಂಡದ್ದು ಕಡಿಮೆ.

ಕರುಳಿನ ಉದ್ದದಲ್ಲೇ ಆ ಜೀವ ಏನು ತಿನ್ನಲು ಹುಟ್ಟಿದೆ ಎನ್ನುವುದು ಬರೆದಿರುತ್ತದೆ. ಬೇರೆ ಮೀನನ್ನು ಹಿಡಿದು ತಿನ್ನುವ ಹಾವುತಲೆಯ ಮೀನಿನ ಕರುಳು ಅದರ ಮೈಗಿಂತ ಗಿಡ್ಡ. ಪಾಚಿ, ಕೊಳೆತ ಎಲೆ ಮೇಯುವ ರೋಹುವಿನ ಕರುಳು ಮೈಯುದ್ದದ ಹಲವು ಪಟ್ಟು. ಸೊಪ್ಪನ್ನು ಕರಗಿಸಲು ದಾರಿ ದೂರ ಬೇಕು, ಹೊತ್ತೂ ಬೇಕು. ಕೆರೆಯ ರೋಹು ದಿನವಿಡೀ ಅಷ್ಟಿಷ್ಟು ಮೇಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಹಾಸಿದ ನಮ್ಮ ಹೊಂಡದ ತಳದಲ್ಲಿ ಮಣ್ಣಿಲ್ಲ, ಮೇಯಲು ಏನಿಲ್ಲ. ಹಾಕಿದ್ದೇ ಊಟ. ಹಾಗಾಗಿ ಹಾಕುವವರ ಹೊತ್ತೇ ಅವುಗಳ ಕರುಳಿನ ಹೊತ್ತು.

'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎನ್ನುವ ಗಾದೆಯನ್ನು ಅಪ್ಪ ಮಾತು ಮಾತಿಗೆ ಹೇಳುತ್ತಿದ್ದ. ಜಠರವಿದ್ದವರ ಗಾದೆ ಅದು. ಹೊಂಡದಲ್ಲಿ ಒಂದೇ ಹೊತ್ತಿಗೆ ಎಲ್ಲ ತಿಂದದ್ದು ರೋಗಿ, ಮೂರು ನಾಲ್ಕು ಹೊತ್ತು ಸ್ವಲ್ಪ ಸ್ವಲ್ಪ ತಿಂದದ್ದು ಯೋಗಿ.

ಸೋಯಾದ ವಿಷಯಕ್ಕೆ ಬಂದಾಗ ಓದುವುದು ಕಷ್ಟವಾಯಿತು. ಜಠರ ಇಲ್ಲವೆಂದರೆ ಅಲ್ಲಿಯ ಆಮ್ಲವೂ ಇಲ್ಲ, ಪ್ರೋಟೀನನ್ನು ಮೊದಲು ಕಡಿಯುವ ಪೆಪ್ಸಿನ್ ಎಂಬ ಕಿಣ್ವವೂ ಇಲ್ಲ. ಆ ಕೆಲಸದ ಭಾರವೆಲ್ಲ ಮೇದೋಜೀರಕದಿಂದ ಬರುವ ಟ್ರಿಪ್ಸಿನ್ ಮತ್ತು ಅದರ ಬಳಗದ ಮೇಲೆ. ಹಸಿ ಸೋಯಾಬೀನಿನಲ್ಲಿ ಆ ಟ್ರಿಪ್ಸಿನ್ನನ್ನೇ ಕಟ್ಟಿಹಾಕುವ ವಸ್ತು ಇದೆ. ಹದವಾಗಿ ಬೇಯಿಸಿದರೆ, ಹುರಿದರೆ ಅದರ ಶಕ್ತಿ ಮುರಿಯುತ್ತದೆ. ನಾನು ಬೇಯಿಸಿರಲಿಲ್ಲ, ಹುರಿದಿರಲಿಲ್ಲ. ಇದ್ದ ಒಂದು ಕತ್ತರಿಯನ್ನೂ ನಾನೇ ಕಟ್ಟಿಹಾಕಿ, ಮುಂದೆ ಬಟ್ಟೆಯ ರಾಶಿ ಒಟ್ಟಿದ್ದೆ.

ನಾರ್ವೆಯಲ್ಲಿ ಸಾಲ್ಮನ್ ಮೀನಿಗೆ ಸೋಯಾ ಹಿಂಡಿ ತಿನ್ನಿಸಿದಾಗ ಕರುಳಿನ ಕೊನೆಯ ಭಾಗ ಉರಿಯೂತಗೊಳ್ಳುವುದನ್ನು ಬೇವರ್‌ಫ್ಯೋರ್ಡ್ ಮತ್ತು ಕ್ರೋಗ್ದಾಲ್ ಎಂಬ ಸಂಶೋಧಕರು 1996ರಲ್ಲಿ ವಿವರವಾಗಿ ತೋರಿಸಿದ್ದರು. ಕರುಳಿನ ಒಳಮಡಿಕೆಗಳು ಗಿಡ್ಡವಾಗುತ್ತವೆ, ಹೀರುವ ಮೈ ಕಡಿಮೆಯಾಗುತ್ತದೆ. ಅದರಲ್ಲೇ ಒಂದು ಸಮಾಧಾನದ ಮಾತೂ ಇತ್ತು: ಸೋಯಾ ನಿಲ್ಲಿಸಿ ಹಳೆಯ ಆಹಾರಕ್ಕೆ ತಂದರೆ ಕೆಲವೇ ವಾರಗಳಲ್ಲಿ ಕರುಳು ಮತ್ತೆ ಮೊದಲಿನಂತಾಗುತ್ತದೆ. ಸಾಲ್ಮನ್ ಬೇರೆ, ರೋಹು ಬೇರೆ. ಆದರೂ ಆ ಸಾಲನ್ನು ನಾನು ಎರಡೆರಡು ಸಲ ಓದಿದೆ.

ನಮ್ಮವರೇ ಮಾಡಿದ ಕೆಲಸವೂ ಸಿಕ್ಕಿತು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು. ಅಲ್ಲಿದ್ದ ಎಂ.ಸಿ. ನಂದೀಶ, ಶ್ರೀಲಂಕಾ ಮೂಲದ ಸೇನ ಡಿ ಸಿಲ್ವಾ ಅವರೊಂದಿಗೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದೇ ಆಹಾರ ತಿಂದರೂ ಮೀನು ಪ್ರತಿದಿನ ಒಂದೇ ಸಮ ಜೀರ್ಣಿಸಿಕೊಳ್ಳುವುದಿಲ್ಲ, ಅದರಲ್ಲಿ ಏರಿಳಿತ ಇರುತ್ತದೆ ಎನ್ನುವುದನ್ನು ಡಿ ಸಿಲ್ವಾ ಮೊದಲೇ ಗಮನಿಸಿದ್ದರು. ಹಾಗಿದ್ದ ಮೇಲೆ ದಿನವೂ ಹೆಚ್ಚು ಪ್ರೋಟೀನ್ ಯಾಕೆ ಹಾಕಬೇಕು? ಒಂದು ದಿನ ಹೆಚ್ಚಿನದು, ಒಂದು ದಿನ ಕಡಿಮೆಯದು ಎಂದು ಸರದಿಯಲ್ಲಿ ಹಾಕಿ ನೋಡಿದರು. ಮೀನಿನ ಬೆಳವಣಿಗೆ ಕುಗ್ಗಲಿಲ್ಲ, ಖರ್ಚು ಇಳಿಯಿತು. ಬಡ ರೈತರ ಹೊಂಡಗಳ ಬಗ್ಗೆಯೇ ಬಾಂಗ್ಲಾದೇಶ, ಕಾಂಬೋಡಿಯಾ, ತ್ರಿಪುರಾಗಳಲ್ಲಿ ದುಡಿದ ನಂದೀಶ 2012ರಲ್ಲಿ ತೀರಿಕೊಂಡರು. ದುಬಾರಿ ಪ್ರೋಟೀನಿನ ಹಿಂದೆ ಓಡಿದ ನನಗೆ ಅವರ ಲೇಖನ ನಾಲ್ಕು ತಿಂಗಳು ಮೊದಲೇ ಸಿಗಬೇಕಿತ್ತು ಎನಿಸಿತು.

ನಾಲ್ಕು ದಿನದ ಉಪವಾಸ ಮೀನಿಗಿಂತ ಅವ್ವನಿಗೆ ಕಷ್ಟವಾಯಿತು. ಹೊಲಕ್ಕೆ ಬರುವುದನ್ನೇ ಬಿಟ್ಟಳು. ಐದನೆಯ ದಿನ ಅರ್ಧ ಕಿಲೋದಿಂದ ಶುರು ಮಾಡಿದೆ. ಉಪವಾಸದಲ್ಲಿ ಕರುಳಿನ ಮಡಿಕೆ ಕುಗ್ಗಿರುತ್ತದೆ, ಒಮ್ಮೆಲೇ ಪೂರ್ತಿ ಹಾಕಿದರೆ ಮತ್ತೆ ಅದೇ ಕಥೆ. ತೌಡು, ಹಿಂಡಿ ಮಾತ್ರ. ಹಿಂಡಿಯ ಚೀಲವನ್ನು ಗೋಡೆಯ ತೇವದಿಂದ ಸರಿಸಿ ಹಲಗೆಯ ಮೇಲಿಟ್ಟೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿ ಸತ್ತ ಮೇಲೆಯೇ ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು. ಆ ಬೂಷ್ಟಿಗೆ ಮೀನಿನ ಯಕೃತ್ತೂ ತಾಳಲಾರದು.

ಹೊತ್ತು ಗೊತ್ತು ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ಬಿಸಿಲು ಬಿದ್ದು ಪಾಚಿ ಆಮ್ಲಜನಕ ಬಿಡಲು ಶುರು ಮಾಡಿದ ಮೇಲೆ. ಆಮೇಲೆ ಹನ್ನೆರಡೂವರೆಗೆ, ಕೊನೆಗೆ ನಾಲ್ಕಕ್ಕೆ. ಕತ್ತಲಾದ ಮೇಲೆ ಇಲ್ಲ, ಮೋಡವಿದ್ದ ದಿನ ಅರ್ಧ ಅಥವಾ ಇಲ್ಲವೇ ಇಲ್ಲ. ತಣ್ಣೀರಿನಲ್ಲಿ ಮೀನಿನ ಕರುಳೂ ನಿಧಾನ, ಹಾಗಾಗಿ ಚಳಿ ಜಾಸ್ತಿಯಾದ ದಿನ ಕಡಿಮೆ. 200 ಗ್ರಾಂ ತೂಗುವ 337 ಮೀನು ಎಂದರೆ ಒಟ್ಟು 67 ಕಿಲೋ, ಅದರ ನೂರಕ್ಕೆ 2 ಪಾಲು ಎಂದರೆ ಒಂದೂಕಾಲು ಕಿಲೋ ಚಿಲ್ಲರೆ. ಮೊದಲು ನಮ್ಮಿಬ್ಬರ ಕೈಯಿಂದ ದಿನಕ್ಕೆ ನಾಲ್ಕು ಕಿಲೋ ದಾಟುತ್ತಿತ್ತು. ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಆಹಾರ ಇಳಿಬಿಟ್ಟು ತಾಸಿನ ಮೇಲೆ ಎತ್ತಿ ನೋಡುತ್ತಿದ್ದೆ. ಉಳಿದಿದ್ದರೆ ಮುಂದಿನ ಹೊತ್ತಿಗೆ ಅಷ್ಟು ಕಡಿತ.

ಹೊತ್ತು ಯಾಕೆ ಗಟ್ಟಿ ಇರಬೇಕು ಎನ್ನುವುದಕ್ಕೆ ಗೆಂಡೆಯ ಸೋದರ ಸಂಬಂಧಿಯಾದ ಗೋಲ್ಡ್‌ಫಿಶ್ ಮೇಲೆ ಸ್ಪೇನಿನಲ್ಲಿ ಮಾಡಿದ ಪ್ರಯೋಗವೊಂದಿದೆ. ದಿನವೂ ಒಂದೇ ವೇಳೆಗೆ ಉಣ್ಣುವ ಮೀನಿನ ಕರುಳಿನಲ್ಲಿ, ಊಟ ಬರುವ ಮೊದಲೇ, ಪಿಷ್ಟ ಕರಗಿಸುವ ಕಿಣ್ವ ಏರಿರುತ್ತದೆ. ಹೊತ್ತುಗೊತ್ತಿಲ್ಲದೆ ಉಣ್ಣುವ ಮೀನಿನಲ್ಲಿ ಹಾಗೆ ಏರುವುದಿಲ್ಲ. ಒಲೆ ಹಚ್ಚಿ ಎಸರು ಇಟ್ಟುಕೊಂಡು ಕಾಯುವ ಮನೆಗೂ, ಹೇಳದೆ ಕೇಳದೆ ಬೀಗರು ಬಂದಿಳಿದ ಮನೆಗೂ ಇರುವ ಫರಕು ಇದು.

ಜನವರಿ ಬರುವಷ್ಟರಲ್ಲಿ ಬಿಳಿ ದಾರ ಮಾಯವಾಗಿತ್ತು. ಮೀನು ಒಂಬತ್ತಕ್ಕೆ ಐದು ನಿಮಿಷ ಮೊದಲೇ ಮೂಲೆಗೆ ಬಂದು ನಿಲ್ಲುತ್ತಿದ್ದವು. ಅವ್ವ ಮಾತ್ರ ಬರುತ್ತಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿ ನನ್ನ ತಾಟಿಗೆ ಒಂದು ಹಾಕಿ, ಎರಡನೆಯದಕ್ಕೆ ಕೈ ತಡೆದು, 'ಹಾಕಲ್ಯಾ, ಸಾಕಾ?' ಎಂದು ಕೇಳಿದಳು. ನನ್ನ ತಾಟಿಗೆ ರೊಟ್ಟಿ ಹಾಕಲು ಅವಳು ಹುಟ್ಟಿನಿಂದ ಕೇಳಿದವಳಲ್ಲ. ಆಗ ಹೇಳಿಬಿಟ್ಟೆ. ಸೋಯಾ ಹಿಟ್ಟು, ಗಿರಣಿ, ಟ್ರಿಪ್ಸಿನ್, ಅವತ್ತು ಬಾಯಿ ಮುಚ್ಚಿಕೊಂಡು ನಿಂತದ್ದು, ಎಲ್ಲ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: 'ಹುರಳಿಕಾಳು ಕುದಸ್ದ ಎತ್ತಿಗೆ ಹಾಕ್ತಾರೇನೋ? ಹಸೇ ಕಾಳು ಯಾವ ಹೊಟ್ಟಿಗೂ ಆಗಂಗಿಲ್ಲ. ನನ್ನ ಒಂದ್ ಮಾತು ಕೇಳಬಾರದಿತ್ತಾ?'

ಹುರುಳಿಯಲ್ಲೂ ಟ್ರಿಪ್ಸಿನ್ ತಡೆಯುವ ಅದೇ ಬಗೆಯ ವಸ್ತು ಇದೆ. ಹೆಸರು ಗೊತ್ತಿಲ್ಲದೆಯೇ ನಮ್ಮ ಹಿರಿಯರು ಅದನ್ನು ಕುದಿಸಿ ಕುದಿಸಿ ಕೊಂದಿದ್ದರು. ಜಾನಪದ ವಿಶ್ವವಿದ್ಯಾಲಯದ ಮುಂದೆ ದಿನಾ ಬೈಕಿನಲ್ಲಿ ಹಾದುಹೋಗುವ ನನಗೆ ಮನೆಯೊಳಗಿನ ಪಾಠ ಕೇಳಬೇಕೆಂದು ಹೊಳೆದಿರಲಿಲ್ಲ. ಅವ್ವನಿಗೆ ಎಷ್ಟು ಎನ್ನುವುದು ತಿಳಿದಿರಲಿಲ್ಲ, ನನಗೆ ಹೇಗೆ ಎನ್ನುವುದು ತಿಳಿದಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಆದರೆ 63 ಮೀನಿನ ಭಾರವನ್ನು ಒಂದು ತಿಂಗಳು ಅವಳೊಬ್ಬಳೇ ಹೊತ್ತಳು.

ಮರುದಿನ ಒಂಬತ್ತಕ್ಕೆ ಅವಳು ಹೊಂಡಕ್ಕೆ ಬಂದಳು. ಹಾಲಿನ ಪುಡಿಯ ಹಳೆಯ ಡಬ್ಬಿಗೆ ಗೆರೆ ಹಾಕಿಕೊಟ್ಟೆ. ಗೆರೆಯ ಮಟ್ಟಕ್ಕೆ ತುಂಬಿ, ಮೇಲಿನದನ್ನು ಬೆರಳಿನಿಂದ ಸವರಿ ಚೀಲಕ್ಕೆ ವಾಪಸು ಹಾಕುತ್ತಿದ್ದಳು. ಮೊದಲ ದಿನ ಸವರಿದ ಮೇಲೂ ಒಂದು ಚಿಟಿಕೆ ಜಾಸ್ತಿ ಹಾಕಿದ್ದು ನೋಡಿದೆ, ನೋಡದವನಂತೆ ಇದ್ದೆ.

ಮಾರ್ಚ್ ಕೊನೆಗೆ ನೀರು ಇಳಿಯಿತು. ವ್ಯಾಪಾರಿ ಬೆಳಗಿನ ಜಾವ ಬಲೆ ತರುವುದಾಗಿ ಹೇಳಿದ. ಹಿಡಿಯುವ ಹಿಂದಿನ ದಿನ ಮೀನಿಗೆ ಏನೂ ಹಾಕಬಾರದು. ಕರುಳು ಖಾಲಿ ಇದ್ದರೆ ಮಾಂಸ ಬೇಗ ಕೆಡುವುದಿಲ್ಲ, ಜೀವಂತ ಒಯ್ದರೆ ನೀರೂ ಹೊಲಸಾಗುವುದಿಲ್ಲ. ಇದನ್ನು ಅವ್ವನಿಗೆ ಹೇಳಲು ಸಂಜೆಯಿಂದ ರಾತ್ರಿಯವರೆಗೆ ಒದ್ದಾಡಿದೆ.

'ಸಾಯಾಕ ಹೋಗೂವಾಗ ಹಸದ ಕಳಸೋದಾ?' ಎಂದಳು. ನನ್ನ ಬಳಿ ಇದ್ದದ್ದು ಮಾಂಸದ ಉತ್ತರ. ಆ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಸುಮ್ಮನಾದೆ.

ಮರುದಿನ ಒಂಬತ್ತಕ್ಕೆ ಅವಳು ಎಂದಿನಂತೆ ದಂಡೆಗೆ ಹೋದಳು. ಕೈಯಲ್ಲಿ ಡಬ್ಬಿ ಇತ್ತು, ಒಳಗೆ ಏನೂ ಇರಲಿಲ್ಲ. ಮೀನು ತಮ್ಮ ಹೊತ್ತಿಗೆ ಸರಿಯಾಗಿ ಮೂಲೆಗೆ ಬಂದು ಬಾಯಿ ತೆರೆದವು. ಅವ್ವ ಕುಕ್ಕರಗಾಲಿನಲ್ಲಿ ಕೂತು, ಮನೆಯ ಬಾಗಿಲಿಗೆ ಬಂದ ಮಕ್ಕಳಿಗೆ ಹೇಳುವ ಹಾಗೆ, 'ಇವತ್ತಿಲ್ಲವಾ, ಹೋಗ್ರಿ' ಎಂದಳು. ಹನ್ನೆರಡೂವರೆಗೂ ಹೋದಳು, ನಾಲ್ಕಕ್ಕೂ ಹೋದಳು.

ನೂರೈವತ್ತು ಕಿಲೋದಷ್ಟು ಮೀನು ಹೋಯಿತು. ಲಾಭ ಎನ್ನುವಷ್ಟಲ್ಲ, ಸಾಲವಂತೂ ಆಗಲಿಲ್ಲ. ಡಬ್ಬಿಯನ್ನು ತೊಳೆದು ಅವ್ವ ಅಡುಗೆಮನೆಯ ಮಾಡದಲ್ಲಿ ಬೋರಲು ಇಟ್ಟಿದ್ದಾಳೆ. ಈ ಸಲ ಮಳೆ ಚಲೋ ಆಗಿ ಹೊಂಡ ತುಂಬಿದರೆ ಮತ್ತೆ ಮರಿ ಬಿಡೋಣವೇ ಎಂದು ಮೊನ್ನೆ ಕೇಳಿದೆ.

'ಮುನ್ನೂರ ಸಾಕು' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಸೋಯಾ ಹಾಕೋದಿದ್ರ ನಾ ಹುರದು ಕೊಡ್ತೀನಿ' ಎಂದಳು.